ತೋಟದಣ್ಣನ ಕೋಟು

ಸತ್ತವನ ಕೋಟು ಒಣಗಿರಬೇಕು. ಮನುಷ್ಯ ಮಣ್ಣು ಸೇರಿ ತಿಂಗಳುಗಳೇ ಕಳೆದಿವೆ, ಕೋಟು ಅವನ ಟೋಪಿಯ ಜೊತೆ ಚರ್ಚಿನ ತೋಟದ ಪಂಪಿನ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದೆ, ಆ ಕೋಣೆಯ ಚಾವಣಿ ಎಲ್ಲೂ ಸೋರುವುದಿಲ್ಲ. ಅಂದಮೇಲೆ ಅದು ಒಣಗಿರಬೇಕೋ ಬೇಡವೋ? ಒಗೆದು ಯಾರಿಗಾದರೂ ಕೊಟ್ಟರಾಯಿತೆಂದು ನಾನು ತೋಟದ ಬೀಗದ ಕೈ ಕೇಳಿಕೊಂಡು ಅದನ್ನು ತರಲು ಹೋದ ದಿನ ತೋಳು ಒದ್ದೆಯಾಗಿತ್ತು. ಮೊಣಕೈಯ ಹತ್ತಿರ ಮಣ್ಣು ಮೆತ್ತಿತ್ತು, ಹಸಿ ಮಣ್ಣು. ಬಟ್ಟೆಯ ವಿಷಯದಲ್ಲಿ ನನ್ನ ಕೈಗೆ ಯಾರೂ ಸುಳ್ಳು ಹೇಳಲಾರರು. ಕೋಟನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಬಾಗಿಲು ಎಳೆದುಕೊಂಡು, ಹಿಂತಿರುಗಿ ನೋಡದೆ ಬಂದುಬಿಟ್ಟೆ.

ನಾನು ಚರ್ಚಿನ ಬಟ್ಟೆ ಒಗೆಯುವವಳು. ಬಲಿಪೀಠದ ಹಾಸು, ಪಾತ್ರೆ ಒರೆಸುವ ವಸ್ತ್ರ, ಗುರುಗಳ ನಿಲುವಂಗಿ ಎಲ್ಲ ನನ್ನ ಕೈಯಲ್ಲೇ ಬೆಳ್ಳಗಾಗಬೇಕು. ಪೂಜೆಯ ಪಾತ್ರೆ ಒರೆಸಿದ ವಸ್ತ್ರದ ಮೊದಲ ನೀರು ಚರಂಡಿ ಸೇರಬಾರದೆಂಬುದು ಈ ಕೆಲಸದ ಕಟ್ಟುನಿಟ್ಟು. ಪೂಜೆಯಲ್ಲಿ ಪ್ರಭುವಿನ ರಕ್ತವಾಗುವ ದ್ರಾಕ್ಷಾರಸದ ಒಂದಿಷ್ಟು ತೇವವಾದರೂ ಆ ವಸ್ತ್ರಕ್ಕೆ ತಗುಲಿರುತ್ತದೆಂದು ನಮ್ಮ ನಂಬಿಕೆ. ಅದಕ್ಕೆ ಮೊದಲ ಸಲ ಜಾಲಿಸಿದ ನೀರನ್ನು ಮಣ್ಣಿಗೇ ಸುರಿಯಬೇಕು. ಆಮೇಲಿನ ಸೋಪಿನ ನೀರು, ಗಂಜಿ ನೀರು ಎಲ್ಲಿಗೆ ಬೇಕಾದರೂ ಹೋಗಲಿ, ಕೇಳುವವರಿಲ್ಲ.

ಮಣ್ಣೇನೋ ಸರಿ, ಯಾವ ಮಣ್ಣು? ಅಲ್ಲಿ ನಡೆಯುತ್ತಿದ್ದದ್ದು ತೋಟದಣ್ಣನ ದರ್ಬಾರು. ಚರ್ಚಿನ ಹಿಂದಿನ ತೋಟ ನೋಡಿಕೊಳ್ಳುತ್ತಿದ್ದ ಅವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಎಲೆಯಷ್ಟು ಮಾತಾಡಬೇಕಾದಲ್ಲಿ ಮೊಗ್ಗಿನಷ್ಟು ಆಡುವ ಮನುಷ್ಯ. ಬಟ್ಟೆ ಕೋಣೆಯ ಮೆಟ್ಟಿಲ ಪಕ್ಕದಲ್ಲೇ ಗುಲಾಬಿ ಪಾತಿ ಇದ್ದರೂ ನಾನು ಬೋಗುಣಿ ಹೊತ್ತುಕೊಂಡು ತೋಟದ ಕಟ್ಟಕಡೆಯ ಮೂಲೆಗೆ ಹೋಗಬೇಕಿತ್ತು. ಅಲ್ಲಿ ಗೋಡೆಗೆ ಒರಗಿಕೊಂಡು ಒಂದು ಸೊಟ್ಟ ಅಂಜೂರದ ಗಿಡ ನಿಂತಿತ್ತು.

"ಈ ಗುಲಾಬಿಗೇ ಹಾಕಿದ್ರೆ ಏನಾಗುತ್ತೆ? ದೇವರು ಮುನಿಸ್ಕೊಳ್ತಾನಾ?" ಎಂದು ಎಷ್ಟು ಸಲ ರೇಗಿದ್ದೆನೋ.

"ದೇವರ ವಿಷಯ ಗೊತ್ತಿಲ್ಲ. ನಾನು ಮುನಿಸ್ಕೊಳ್ತೀನಿ. ಅಂಜೂರಕ್ಕೇ ಹಾಕು."

ಹಾಕುವಾಗಲೂ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, "ನಿಧಾನ. ಆ ಕಡೆ ಬೇಡ, ಈ ಕಡೆಯಿಂದ ಹಾಕು," ಎನ್ನುತ್ತಿದ್ದ. ಗಿಡಕ್ಕೆ ಆ ಕಡೆ ಏನು, ಈ ಕಡೆ ಏನು? ಮುದುಕನಾಗುತ್ತ ಬಂದ ಹಾಗೆ ತಲೆ ಸ್ವಲ್ಪ ಸಡಿಲವಾಗಿದೆ ಎಂದುಕೊಂಡು ಅವನು ಹೇಳಿದ ಕಡೆಯಿಂದಲೇ ಸುರಿದು ಬರುತ್ತಿದ್ದೆ. ಪ್ರತಿ ಬೇಸಿಗೆಯಲ್ಲೂ ಆ ಗಿಡದ ಮೊದಲ ಹಣ್ಣನ್ನು ಕಿತ್ತು ನನ್ನ ಖಾಲಿ ಬೋಗುಣಿಯೊಳಗೆ ಇಡುತ್ತಿದ್ದ. ಗುರುಗಳಿಗೂ ಇಲ್ಲ, ಚರ್ಚಿನ ಗಂಟೆ ಬಾರಿಸುವವನಿಗೂ ಇಲ್ಲ. ನೀರು ಹೊತ್ತದ್ದಕ್ಕೆ ಕೂಲಿಯೆಂದುಕೊಂಡು ನಾನು ದಾರಿಯಲ್ಲೇ ತಿಂದು ಮುಗಿಸುತ್ತಿದ್ದೆ. ತುಂಬಾ ಸಿಹಿಯಾದ ಹಣ್ಣು.

ಕಳೆದ ಚಳಿಯಲ್ಲಿ ತೋಟದಣ್ಣ ಎದೆನೋವೆಂದು ಮಲಗಿದವನು ಮೇಲೇಳಲಿಲ್ಲ. ಹೊಸ ಗುರುಗಳು ತೋಟದೊಳಗೆ ಯಾವುದೋ ಕಟ್ಟಡಕ್ಕೆಂದು ಕಲ್ಲು, ಸಿಮೆಂಟು ತಂದಿಳಿಸಿ ಗೇಟಿಗೆ ಬೀಗ ಹಾಕಿಸಿದರು. ಪ್ರತಿ ಶನಿವಾರ ಬೀಗದ ಕೈ ಕೇಳಿಕೊಂಡು ಹೋಗುವವರು ಯಾರು? ನಾನು ಮೊದಲ ನೀರನ್ನು ಗುಲಾಬಿಗೆ ಹಾಕತೊಡಗಿದೆ. ನನ್ನ ಮಂಡಿಗೆ ಸುಖವಾಯಿತು. ಮನಸ್ಸಿಗೆ ಯಾಕೋ ಆಗಲಿಲ್ಲ.

ಅವನು ಸತ್ತಾಗ ನಾನು ಅತ್ತದ್ದು ನೋಡಿ ಜನಕ್ಕೆ ಆಶ್ಚರ್ಯವಾಗಿತ್ತು. ಬಾಯಿಬಡುಕಿ, ಕಲ್ಲೆದೆಯವಳು, ಇವಳು ಒಬ್ಬ ತೋಟದವನಿಗೆ ಇಷ್ಟು ಅಳುವುದೇ ಎಂದು. ನಾನು ಅತ್ತದ್ದು ಅವನಿಗಾಗಿ ಅಲ್ಲ. ಅವನ ಜೊತೆ ಒಂದು ಉತ್ತರವೂ ಮಣ್ಣಿಗೆ ಹೋಯಿತು, ಅದಕ್ಕಾಗಿ.

ನನ್ನ ಚೊಚ್ಚಲ ಮಗು ಉಸಿರಿಲ್ಲದೆ ಹುಟ್ಟಿತು. ಗಂಡೋ ಹೆಣ್ಣೋ ಎಂದೂ ನನಗೆ ಹೇಳಲಿಲ್ಲ. ಅತ್ತೆ ಅದನ್ನು ಟವೆಲಿನಲ್ಲಿ ಸುತ್ತಿ, "ನೋಡಬೇಡ, ನೋಡಿದ್ರೆ ಎದೆಹಾಲು ನಿಲ್ಲಲ್ಲ," ಎಂದು ನನ್ನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಹಿಡಿದರು. ನನ್ನ ಗಂಡ ಆ ಗಂಟನ್ನು ಎತ್ತಿಕೊಂಡು ಚರ್ಚಿಗೆ ಹೋದರು. ಆಗಿನ ಗುರುಗಳು ಕೆಟ್ಟವರಲ್ಲ, ಕಟ್ಟಳೆಯವರು. ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನವಾಗದ ಕೂಸಿಗೆ ಸ್ಮಶಾನದಲ್ಲಿ ಜಾಗವಿಲ್ಲ ಎಂದರಂತೆ. ಆಗ ತೋಟದಣ್ಣ ಮುಂದೆ ಬಂದು, ನನ್ನ ಕೈಗೆ ಕೊಡಿ ಎಂದನಂತೆ. ಕೊಟ್ಟು ಬಂದರಂತೆ. ನನಗೆ ಗೊತ್ತಿದ್ದದ್ದು ಇಷ್ಟೇ, ಇದೂ ಪೂರ್ತಿ 'ಅಂತೆ'ಗಳ ಕಂತೆ.

ಮೈಯಲ್ಲಿ ಕಸುವು ಬರುವ ಮೊದಲೇ ನಾನು ತೋಟಕ್ಕೆ ಓಡಿಹೋಗಿ ಸಿಕ್ಕ ಸಿಕ್ಕ ಪಾತಿಗಳನ್ನು ಬರಿಗೈಯಲ್ಲಿ ಕೆದರಿದೆನಂತೆ. ಅದು ನನಗೆ ನೆನಪಿಲ್ಲ. ಉಗುರು ಸಂದಿಯ ಮಣ್ಣನ್ನು ಅತ್ತೆ ಬಿಸಿನೀರಿನಲ್ಲಿ ತೊಳೆದದ್ದು ಮಾತ್ರ ನೆನಪಿದೆ. ಆಮೇಲೆ ತೋಟದಣ್ಣನನ್ನು ಕೇಳಿದೆ, ಬೈದೆ, ಕೈ ಮುಗಿದೆ. "ಮಣ್ಣಲ್ಲಿದೆ ತಾಯಿ, ಚೆನ್ನಾಗಿದೆ," ಎಂದನೇ ಹೊರತು ಎಲ್ಲಿ ಎಂದು ಬಾಯಿ ಬಿಡಲಿಲ್ಲ. ಕೊನೆಗೆ ಕೇಳುವುದನ್ನೇ ಬಿಟ್ಟೆ. ಮುಂದೆ ಮಗ ಹುಟ್ಟಿದ, ಬೆಳೆದ, ಈಗ ಲಾರಿ ಓಡಿಸುತ್ತಾನೆ. ಬದುಕು ನಿಲ್ಲಲಿಲ್ಲ. ಆದರೂ ಆ ತೋಟದಲ್ಲಿ ಕಾಲಿಟ್ಟಾಗಲೆಲ್ಲ ಎಲ್ಲಿ ತುಳಿಯುತ್ತಿದ್ದೇನೋ ಎಂದು ಹೆಜ್ಜೆ ಹಗುರ ಮಾಡಿಕೊಂಡೇ ನಡೆದಿದ್ದೇನೆ.

ನನ್ನ ಗಂಡ ಬೀಗ ರಿಪೇರಿ ಮಾಡುವವರು. ಚರ್ಚಿನ ಓಣಿಯ ತುದಿಯಲ್ಲೇ ಅಂಗಡಿ. ಆ ದಿನದ ನಂತರ ಅವರು ಚರ್ಚಿನೊಳಗೆ ಕಾಲಿಟ್ಟವರಲ್ಲ. ಭಾನುವಾರ ನನ್ನ ಜೊತೆ ಬಂದು, ತೋಟದ ಹೊರಗಿನ ಮೋಟುಗೋಡೆಯ ಮೇಲೆ ಕೂತು, ಪೂಜೆ ಮುಗಿಯುವವರೆಗೂ ಕಾಲಾಡಿಸುತ್ತಿರುತ್ತಾರೆ. ಒಳಗೆ ಬನ್ನಿ ಎಂದರೆ, "ನಿನ್ನ ದೇವರಿಗೂ ನನಗೂ ಮಾತುಕತೆ ಇಲ್ಲ ಕಣೇ," ಎನ್ನುತ್ತಾರೆ. ನಾನಂತೂ ಅವರನ್ನು ನಾಸ್ತಿಕರ ಲೆಕ್ಕಕ್ಕೆ ಸೇರಿಸಿ ಕೈ ತೊಳೆದುಕೊಂಡಿದ್ದೆ.

ಕೋಟಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಆದರೆ ಗಂಟೆಯವನ ಬಾಯಿಗೆ ಬೀಗವೆಲ್ಲಿ? ನಸುಕಿನಲ್ಲಿ ಗೋಪುರ ಹತ್ತಿ ಚರ್ಚಿನ ಗಂಟೆ ಬಾರಿಸುವವನು ಅವನು. ಆರಡಿ ಆಳು, ಗುಬ್ಬಿಯ ಗುಂಡಿಗೆ. ಒಂದು ಬೆಳಿಗ್ಗೆ ಗಂಟೆ ಅರ್ಧಕ್ಕೇ ನಿಂತಿತು, ಅವನು ಬಟ್ಟೆ ಕೋಣೆಗೆ ಏದುಸಿರು ಬಿಡುತ್ತ ಬಂದ.

"ಅಕ್ಕಾ, ತೋಟದಣ್ಣ ಹೋಗಿಲ್ಲ ಅಕ್ಕಾ! ಮೇಲಿಂದ ನೋಡಿದೆ. ಅದೇ ಕೋಟು, ಅದೇ ಟೋಪಿ, ಮೂಲೆಯಲ್ಲಿ ಬಗ್ಗಿ ನಿಂತಿದ್ದಾನೆ."

"ನಿನ್ನೆ ಏನು ಕುಡಿದಿದ್ದೆ?"

"ದೇವರಾಣೆ ಏನೂ ಇಲ್ಲ. ಗೇಟಿಗೆ ಬೀಗ ಹಾಗೇ ಇದೆ, ಬೇಕಾದ್ರೆ ನೋಡಿ. ಬದುಕಿರೋನು ಬೀಗ ದಾಟ್ತಾನಾ?"

ಬೈದು ಕಳಿಸಿದೆ. ಆದರೆ ಮರುದಿನ ಇಸ್ತ್ರಿಗೆಂದು ಬೇಗ ಹೋದವಳು, ಕಾದ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಮಂಜು ಕವಿದಿತ್ತು. ಮಂಜಿನೊಳಗೆ, ಅಂಜೂರದ ಬಳಿ, ಒಂದು ಬಾಗಿದ ಬೆನ್ನು ಮೆಲ್ಲಗೆ ಮೇಲೆದ್ದು ಮತ್ತೆ ಬಾಗಿತು. ಸದ್ದಿಲ್ಲ. ಮೂಗಿಗೆ ಸುಟ್ಟ ವಾಸನೆ ಬಡಿದು ತಿರುಗಿ ನೋಡಿದರೆ ಪೀಠದ ಹಾಸಿನ ಮೇಲೆ ಇಸ್ತ್ರಿಯ ಕಂದು ಮುದ್ರೆ ಬಿದ್ದಿತ್ತು. ಈ ಕೆಲಸದಲ್ಲಿ ನಾನು ಸುಟ್ಟ ಮೊದಲ ಬಟ್ಟೆ ಅದು. ಮತ್ತೆ ಕಿಟಕಿಯ ಕಡೆ ನೋಡಿದಾಗ ಬೆನ್ನಿರಲಿಲ್ಲ, ಬರೀ ಮಂಜಿತ್ತು.

ಅದರ ಮುಂದಿನ ಭಾನುವಾರ ಗುರುಗಳು ಪೂಜೆಯ ಪ್ರವಚನದಲ್ಲಿ ತೋಟದ ಮಾತೆತ್ತಿದರು. ಅವರು ಇನ್ನೂ ಹುಡುಗರಂಥವರು, ದೊಡ್ಡ ಕಿವಿ, ಹೇಳುವುದನ್ನು ಮನಸ್ಸಿಟ್ಟು ಹೇಳುತ್ತಾರೆ. ನಮ್ಮ ನಂಬಿಕೆಯ ಕತೆ ನಡೆದದ್ದು ಮೂರು ತೋಟಗಳಲ್ಲಿ ಎಂದರು. ಏದೆನ್ ತೋಟದಲ್ಲಿ ಮನುಷ್ಯ ತಪ್ಪು ಮಾಡಿ ಮರಗಳ ಮರೆಗೆ ಅವಿತುಕೊಂಡ; ದೇವರು ಸಂಜೆಯ ತಂಪಿನಲ್ಲಿ ಅಡ್ಡಾಡುತ್ತ, ಎಲ್ಲಿದ್ದೀಯ ಎಂದು ಕೇಳಿದ. ಗೆತ್ಸೆಮನೆ ತೋಟದಲ್ಲಿ, ಶಿಲುಬೆಯ ಹಿಂದಿನ ರಾತ್ರಿ, ಪ್ರಭು ಸಾವಿಗೆ ಹೆದರಿ ಬೆವರಿದ. ಗೆಳೆಯರು ನಿದ್ದೆ ಹೊಡೆದರು. ಮೂರನೆಯದು ಅವನನ್ನು ಸಮಾಧಿ ಮಾಡಿದ ತೋಟ. ಮುಂಜಾನೆ ಅಲ್ಲಿಗೆ ಬಂದ ಮಗ್ದಲದ ಮರಿಯ ಬರಿದಾದ ಸಮಾಧಿಯ ಮುಂದೆ ಅಳುತ್ತ ನಿಂತಿದ್ದಾಗ, ಎದ್ದು ಬಂದ ಪ್ರಭುವನ್ನೇ ತೋಟದವನೆಂದುಕೊಂಡಳು. ನೀನು ಅವನನ್ನು ಒಯ್ದಿದ್ದರೆ ಎಲ್ಲಿಟ್ಟಿದ್ದೀಯ ಹೇಳು, ನಾನು ಎತ್ತಿಕೊಂಡು ಹೋಗುತ್ತೇನೆ ಎಂದು ಬೇಡಿಕೊಂಡಳು. ಅವನು ಹೆಸರು ಹಿಡಿದು ಕರೆದಾಗಲೇ ಅವಳಿಗೆ ಗುರುತು ಹತ್ತಿತು.

"ಅವಳು ತಪ್ಪು ತಿಳಿದಳು ಅಂತಾರೆ," ಎಂದರು ಗುರುಗಳು. "ನನಗೆ ಹಾಗನ್ನಿಸಲ್ಲ. ಮೊದಲ ತೋಟ ನೆಟ್ಟವನೇ ಅಲ್ಲಿ ನಿಂತಿದ್ದ. ಅವನು ತೋಟದವನೇ."

ಜನ ತಲೆದೂಗಿದರು. ನನ್ನ ಕಿವಿ ಆ ಪ್ರಶ್ನೆಗಳಲ್ಲೇ ಸಿಕ್ಕಿಕೊಂಡಿತ್ತು. ಮೊದಲ ತೋಟದಲ್ಲಿ ದೇವರು ಎಲ್ಲಿ ಎಂದು ಕೇಳಿದ, ಕೊನೆಯ ತೋಟದಲ್ಲಿ ಒಬ್ಬ ಹೆಂಗಸು ಎಲ್ಲಿ ಎಂದು ಕೇಳಿದಳು. ನಾನೂ ಅದನ್ನೇ ಅಲ್ಲವೇ ಇಷ್ಟು ಕಾಲ ಕೇಳಿದ್ದು? ಅವಳಿಗೆ ಉತ್ತರ ಸಿಕ್ಕಿತು. ನನಗೆ ಹೊಟ್ಟೆಕಿಚ್ಚಾಯಿತು, ಪವಿತ್ರ ಸ್ತ್ರೀಯ ಮೇಲೆ ಹೊಟ್ಟೆಕಿಚ್ಚು.

ಆಮೇಲೆ ಗುರುಗಳು ಯೋಜನೆ ಹೇಳಿದರು. ಜನ ನಡೆಯುತ್ತ ಪ್ರಾರ್ಥಿಸುವ ಹಾಗೆ ಹಿಂದಿನ ತೋಟವನ್ನು ಈ ಮೂರು ತೋಟಗಳಂತೆ ಹೊಸದಾಗಿ ಮಾಡುವುದು. ಕಡೆಯ ಮೂಲೆಯಲ್ಲಿ ನೆಲ ಅಗೆದು, ಕಲ್ಲಿನ ಸಮಾಧಿಗುಹೆ ಕಟ್ಟಿ, ಬಾಯಿಗೆ ಉರುಳುಗಲ್ಲು ಇಡುವುದು. ಆ ಸೊಟ್ಟ ಅಂಜೂರವನ್ನು ತೆಗೆಯುವುದು. ಮುಂದಿನ ಸೋಮವಾರ ಅಗೆತ ಶುರು.

ತೋಟವನ್ನೆಲ್ಲ ಅಗೆಯುತ್ತಾರೆ, ಯಾವುದೋ ಗುದ್ದಲಿಗೆ ಒಂದು ಟವೆಲಿನ ಚೂರು ಸಿಗುತ್ತದೆ, ಯಾರೋ ನಾಯಿಯದೋ ಬೆಕ್ಕಿನದೋ ಎಂದುಕೊಂಡು ಬುಟ್ಟಿಗೆ ತುಂಬುತ್ತಾರೆ, ಲಾರಿ ಹೊತ್ತುಕೊಂಡು ಹೋಗುತ್ತದೆ. ಪೂಜೆ ಮುಗಿದ ಕೂಡಲೇ ಗುರುಗಳ ಕೋಣೆಗೆ ನುಗ್ಗಿ ಎಲ್ಲವನ್ನೂ ಹೇಳಿದೆ. ಅವರು ನಿಂತು ಕೇಳುತ್ತಿದ್ದವರು ಕುರ್ಚಿ ಎಳೆದು ಕೂತರು.

"ಆಗಿನ ಕಟ್ಟಳೆ ಹಾಗಿತ್ತಮ್ಮ. ಈಗ ಹಾಗಿಲ್ಲ. ಈಗಾಗಿದ್ರೆ ನಾನೇ ಮಣ್ಣು ಮಾಡಿಸ್ತಿದ್ದೆ."

"ಈಗಿನದು ನನಗ್ಯಾಕೆ ಫಾದರ್? ನನ್ನ ಮಗು ಸತ್ತಿದ್ದು ಆಗ."

ಅವರ ಮುಖ ಕೆಂಪಾಯಿತು. "ಜಾಗ ತೋರಿಸಿ. ಅಲ್ಲಿಗೆ ಗುದ್ದಲಿ ಮುಟ್ಟೋಕೆ ಬಿಡಲ್ಲ, ನಾನೇ ಅಡ್ಡ ನಿಲ್ತೀನಿ. ಆದ್ರೆ ಇಡೀ ತೋಟಕ್ಕೆ ಅಡ್ಡ ನಿಂತ್ರೆ ಚರ್ಚಿನ ಹಿರಿಯರು ಕೇಳಲ್ಲಮ್ಮ, ಎಲ್ಲಾ ನಿಶ್ಚಯವಾಗಿಹೋಗಿದೆ," ಎಂದು ಗೇಟಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ನೋಡಿ. ಏನಾದ್ರೂ ಹೊಳೆಯುತ್ತಾ ನೋಡಿ."

ಮನೆಗೆ ಬಂದು ಗಂಡನ ಮುಂದೆ ತಟ್ಟೆಯಿಟ್ಟು ಅಗೆತದ ಸುದ್ದಿ ಹೇಳಿದೆ. "ಈಗಲಾದ್ರೂ ನೆನಪು ಮಾಡ್ಕೊಳ್ರೀ. ಯಾವ ಕಡೆ ಹೋದ ಅವನು? ಎಡಕ್ಕೋ, ಬಲಕ್ಕೋ?"

"ತೋಟದಣ್ಣನ ಕೈಗೆ ಕೊಟ್ಟೆ. ಬಂದೆ."

ಇದೇ ಮಾತು, ಒಂದು ಅಕ್ಷರ ಆಚೀಚೆ ಆದದ್ದಿಲ್ಲ. ತಟ್ಟೆ ಸರಿಸಿ ಎದ್ದುಹೋದರು. ಆ ಸಂಜೆಯೆಲ್ಲ ಯಾವುದೋ ಬೀಗದ ಕೈಯನ್ನು ಅರದಿಂದ ಉಜ್ಜುತ್ತಲೇ ಇದ್ದರು. ಮಾರನೆಯ ದಿನದಿಂದ ನಾನೇಳುವ ಮೊದಲೇ ಅಂಗಡಿಗೆಂದು ಹೊರಡತೊಡಗಿದರು. ನನ್ನ ಮುಖ ನೋಡಲಾರದೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಸಿಟ್ಟು ನೆತ್ತಿಗೇರಿತ್ತು.

ಆ ವಾರ ಕೆಲಸ ಮುಗಿಸಿ ದಿನವೂ ತೋಟಕ್ಕೆ ಹೋದೆ. ಪಾತಿಯಿಂದ ಪಾತಿಗೆ ನಡೆದೆ, ಮಂಡಿಯೂರಿ ಅಂಗೈಯಿಟ್ಟು ನೋಡಿದೆ. ನೆಲ ನೆಲದ ಹಾಗೇ ಇತ್ತು. ಎಲ್ಲ ಕಡೆ ಗಿಡಗಳು ಸೊರಗಿ ಮುದುಡಿದ್ದವು, ನೀರು ಕಾಣದೆ ಮಣ್ಣು ಬಿರಿದಿತ್ತು. ಆ ಅಂಜೂರ ಮಾತ್ರ ಹಸಿರಾಗಿತ್ತು. ಬುಡದಲ್ಲಿ ತೇವ. ತೋಟದಣ್ಣನ ನೀರಿನ ಡಬ್ಬಿ ಒಂದು ದಿನ ಗೋಡೆಯ ಹತ್ತಿರ, ಇನ್ನೊಂದು ದಿನ ಗಿಡದ ಹತ್ತಿರ. ಪಂಪಿನ ಕೋಣೆಯಲ್ಲಿ ಕೋಟು ತನ್ನ ಮೊಳೆಯಲ್ಲೇ ಇರುತ್ತಿತ್ತು, ಮುಟ್ಟಿದರೆ ತಣ್ಣಗೆ, ಒದ್ದೆ.

ಶುಕ್ರವಾರ ತಡೆಯಲಾಗದೆ ಆ ಕೋಟಿನ ಎದೆಯ ಗುಂಡಿ ಹಿಡಿದು ಜಗ್ಗಿದೆ. "ಸತ್ತ ಮೇಲೂ ಗಿಡಕ್ಕೆ ನೀರು ಹಾಕೋಕೆ ಪುರುಸೊತ್ತಿದೆ ನಿನಗೆ. ನನಗೆ ಒಂದು ಮಾತು ಹೇಳೋಕೆ ಇಲ್ವಾ? ಎಲ್ಲಿಟ್ಟೆ ಹೇಳೋ ಪುಣ್ಯಾತ್ಮ!" ಕೋಟಿನಿಂದ ಹೊಗೆಸೊಪ್ಪಿನ, ಮಣ್ಣಿನ ವಾಸನೆ ಬಂತು. ಅದರ ಮಡಿಕೆಗೆ ಹಣೆಯಿಟ್ಟು ಅತ್ತೆ. ಒಗೆಯುವವಳು ನಾನು, ಇನ್ನೊಬ್ಬರ ಬಟ್ಟೆಗೆ ಕಣ್ಣೀರು ಒರೆಸಿದ್ದು ಅದೇ ಮೊದಲು.

ಭಾನುವಾರ ಇನ್ನೂ ನಸುಕಿರುವಾಗಲೇ ಎಚ್ಚರವಾಯಿತು. ಪಕ್ಕದ ಹಾಸಿಗೆ ಖಾಲಿ. ಇವತ್ತು ಅಂಗಡಿಗೆ ರಜೆ, ಹೋಗಿ ಆ ಮೋಟುಗೋಡೆಯ ಮೇಲೆ ಕೂತಿರಬೇಕು ಎಂದುಕೊಂಡೆ. ನಾಳೆ ಅಗೆಯುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ತೋಟದಣ್ಣ ಕಾಣಿಸಿಕೊಳ್ಳುವುದು ಈ ಹೊತ್ತಿಗೇ. ಕೇಳುವುದಾದರೆ ಈಗಲೇ ಕೇಳಬೇಕು. ಹೆದರಿಕೆಯಾಗಲಿಲ್ಲ ಎಂದು ಬಡಾಯಿ ಕೊಚ್ಚುವುದಿಲ್ಲ. ಓಣಿಯುದ್ದಕ್ಕೂ ಹಲ್ಲು ಕಟಕಟ ಎನ್ನುತ್ತಿತ್ತು. ಆದರೆ ಹೆದರಿಕೆಗಿಂತ ಅವನ ಮೇಲಿನ ಸಿಟ್ಟು ದೊಡ್ಡದಾಗಿತ್ತು.

ಗೇಟಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ತೆರೆದು ಒಳಗೆ ಹೋದೆ. ಪಂಪಿನ ಕೋಣೆಯ ಬಾಗಿಲು ಅರೆ ತೆರೆದಿತ್ತು, ಮೊಳೆ ಬರಿದಾಗಿತ್ತು.

ಅವನು ಅಂಜೂರದ ಬಳಿ ನಿಂತಿದ್ದ. ನನ್ನ ಕಡೆ ಬೆನ್ನು. ಅದೇ ಕೋಟು, ಕಿವಿ ಮುಚ್ಚುವ ಅದೇ ಟೋಪಿ. ಕೈಯಲ್ಲಿ ಗುದ್ದಲಿ. ಗುದ್ದಲಿ ಭುಜದ ಮಟ್ಟಕ್ಕೆ ಮೇಲೇಳುತ್ತಿತ್ತು, ಹಾಗೇ ನಿಲ್ಲುತ್ತಿತ್ತು, ಮೆಲ್ಲಗೆ ಕೆಳಗಿಳಿಯುತ್ತಿತ್ತು. ಮಣ್ಣಿಗೆ ತಾಗುತ್ತಿರಲಿಲ್ಲ. ಮತ್ತೆ ಮೇಲೇಳುತ್ತಿತ್ತು.

"ತೋಟದಣ್ಣಾ," ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. "ನೀನು ಸತ್ತಿದ್ದೀಯ ಅಂತ ಗೊತ್ತು. ನಿನಗೆ ನಾನು ಏನೂ ಮಾಡಲ್ಲ. ನನ್ನ ಮಗೂನ ತಗೊಂಡು ಹೋದೆಯಲ್ಲ, ಎಲ್ಲಿಟ್ಟಿದ್ದೀಯ ಹೇಳು. ನಾನೇ ಎತ್ಕೊಂಡು ಹೋಗ್ತೀನಿ."

ಗುದ್ದಲಿ ಅರ್ಧದಲ್ಲಿ ನಿಂತಿತು. ಬೆನ್ನು ಅಲುಗಿತು. ಆಮೇಲೆ ಅವನು ತಿರುಗದೆಯೇ ಕರೆದ.

"ಇವಳೇ."

ಮದುವೆಯಾದಾಗಿನಿಂದ ನನ್ನ ಹೆಸರು ಹಿಡಿಯದೆ ಹೀಗೆ ಕೂಗುವವರು ಈ ಭೂಮಿಯ ಮೇಲೆ ಒಬ್ಬರೇ. ಪಾತಿಯ ಅಂಚಿನಲ್ಲಿ ಕುಸಿದು ಕೂತೆ. ನನ್ನ ಗಂಡ ಟೋಪಿ ತೆಗೆದು ತಿರುಗಿದರು. ಮುಖವೆಲ್ಲ ಒದ್ದೆಯಾಗಿತ್ತು.

ಬೀಗದವನ ಹೆಂಡತಿಗೆ ಗೇಟಿನ ಬೀಗದ ಒಗಟು ಬಿಡಿಸಲಾಗಲಿಲ್ಲ ನೋಡಿ. ಕಂಬಿಗಳ ನಡುವೆ ಕೈ ತೂರಿಸಿ ಒಳಗಿನಿಂದಲೇ ಬೀಗ ಹಾಕಿಕೊಳ್ಳುವುದು ಅವರಿಗೆ ಎಷ್ಟರ ಕೆಲಸ! ಆದರೆ ತನ್ನ ಗಂಡ ಕದ್ದು ಚರ್ಚಿನ ತೋಟಕ್ಕೆ ಬರುತ್ತಾನೆಂದು ಯಾವಳಿಗೆ ಹೊಳೆದೀತು? ಹೆಂಡದಂಗಡಿಗೆ ಎಂದಿದ್ದರೆ ಹೊಳೆಯುತ್ತಿತ್ತು.

"ಕೈಗೆ ಕೊಟ್ಟು ಬರಲಿಲ್ಲ ನಾನು," ಎಂದರು. "ಅವನು ಅಗೆದ. ನಾನು ಇಟ್ಟೆ. ಇಡೋಕೆ ಮುಂಚೆ ಅವನ ನೀರಿನ ಡಬ್ಬಿ ತಗೊಂಡು, ತಲೆ ಮೇಲೆ ನೀರು ಹಾಕಿ, ತಂದೆ ಸುತ ಪವಿತ್ರಾತ್ಮ ಅಂತ ಹೇಳಿ ಹೆಸರಿಟ್ಟೆ. ಸತ್ತ ಕೂಸಿಗೆ ಜ್ಞಾನಸ್ನಾನ ಕೊಡಬಾರದು ಅಂತ ಗೊತ್ತಿತ್ತು. ಗುರುಗಳು ಕೊಡಲ್ಲ ಅಂದಿದ್ರಲ್ಲ, ನಾನು ಕದ್ದು ಕೊಟ್ಟೆ. ತೋಟದಣ್ಣನೇ ಸಾಕ್ಷಿಗೆ ನಿಂತ ಜ್ಞಾನತಂದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಗುರುಗಳಿಗೆ ಗೊತ್ತಾದ್ರೆ ತೆಗೆಸಿ ಗೋಡೆಯಾಚೆ ಹಾಕಿಸ್ತಾರೆ ಅಂದ ಅವನು. ಯಾರಿಗೂ ಹೇಳಬಾರದು ಅಂತ ಇಬ್ಬರೂ ಆಣೆ ಮಾಡಿದ್ವಿ. ಅದೂ ಅಲ್ಲದೆ..." ಅವರು ನನ್ನ ಕೈ ನೋಡಿದರು. "ಹೇಳಿದ್ರೆ ನೀನು ಅಗೀತಿದ್ದೆ."

ಬೈಯಲು ಬಾಯಿ ತೆರೆದವಳು ನನ್ನ ಉಗುರುಗಳನ್ನು ನೋಡಿಕೊಂಡೆ. ಹೌದು, ಅಗೆಯುತ್ತಿದ್ದೆ. ಉಗುರು ಕಿತ್ತು ಬಂದರೂ ಬಿಡುತ್ತಿರಲಿಲ್ಲ.

"ಆಮೇಲೆ ಹೇಳೋಣ ಅಂದ್ರೆ, ಆಮೇಲೆ ಅನ್ನೋದು ಬರ್ಲೇ ಇಲ್ಲ ಕಣೇ. ದೇವರ ಮನೇಲಿ ಕದ್ದೋನು ದೇವರ ಮುಂದೆ ಹೇಗೆ ಹೋಗಿ ನಿಲ್ಲಲಿ? ಹೊರಗೇ ಕೂತೆ. ಈಗ ನೀನು ಅಗೆತ ಅಂದ ಮೇಲೆ, ನಾನೇ ತೆಗೆದು ಬೇರೆ ಕಡೆ ಇಡೋಣ ಅಂತ ಈ ವಾರವೆಲ್ಲ ಬಂದೆ. ಕೈ ಏಳ್ತಿಲ್ಲ. ನೀರು ಹಾಕಿ ವಾಪಸ್ ಬರ್ತಿದ್ದೆ."

"ಈ ವಾರ ಮಾತ್ರನಾ?"

"ಹೂಂ. ಅಲ್ಲಿವರೆಗೆ ನೀನೇ ಹಾಕ್ತಿದ್ದೀಯ ಅಂದ್ಕೊಂಡಿದ್ದೆ. ತೋಟದಣ್ಣ ಇದ್ದಾಗ ಪ್ರತಿ ಶನಿವಾರ ನೀನು ಬೋಗುಣಿ ತಂದು ಇಲ್ಲಿ ಹುಯ್ಯೋದನ್ನ ಗೋಡೆಯಾಚೆಯಿಂದ ನೋಡ್ತಿದ್ದೆನಲ್ಲ."

ಗಂಟೆಯವನು ಕಂಡದ್ದು, ನಾನು ಬಟ್ಟೆ ಸುಟ್ಟದ್ದು, ಮೊದಲ ಸಲ ಕೋಟು ಒದ್ದೆಯಾಗಿದ್ದದ್ದು, ಇವೆಲ್ಲ ಅಗೆತದ ಮಾತು ಹುಟ್ಟುವ ಮೊದಲೇ ನಡೆದಿದ್ದವು. ಗೇಟಿಗೆ ಬೀಗ ಬಿದ್ದ ಮೇಲೆ ನಾನು ಇಲ್ಲಿಗೆ ಒಂದು ಹನಿ ನೀರು ತಂದಿರಲಿಲ್ಲ. ಹಾಗಾದರೆ ಈ ಗಿಡವನ್ನು ಇಷ್ಟು ದಿನ ಹಸಿರಾಗಿಟ್ಟವರು ಯಾರು? ಆ ಪ್ರಶ್ನೆಯನ್ನು ನಾನು ಗಂಡನಿಗೆ ಕೇಳಲಿಲ್ಲ, ಯಾರಿಗೂ ಕೇಳಿಲ್ಲ. ನಸುಕಿನಲ್ಲಿ ತೋಟದವನೆಂದು ಕಂಡವನು ನಿಜಕ್ಕೂ ಯಾರೆಂದು ಮೂಲದಿಂದಲೂ ಇತ್ಯರ್ಥವಾಗದ ಧರ್ಮ ನಮ್ಮದು.

ಅದಕ್ಕಿಂತ ದೊಡ್ಡದೊಂದು ಆಗ ತಾನೇ ನನ್ನೊಳಗೆ ಇಳಿಯುತ್ತಿತ್ತು. ಇಲ್ಲಿ ಹುಯ್ಯೋದು, ಎಂದಿದ್ದರು ಅವರು. ಇಲ್ಲಿ. ಗುಲಾಬಿಗೆ ಬೇಡ, ಅಂಜೂರಕ್ಕೇ ಹಾಕು. ಆ ಮೊಂಡ ಮುದುಕ ಆಣೆಯನ್ನೂ ಮುರಿಯಲಿಲ್ಲ, ತಾಯಿಯನ್ನೂ ಕೂಸಿನಿಂದ ದೂರ ಇಡಲಿಲ್ಲ. ಎಷ್ಟೋ ವರ್ಷ, ವಾರ ತಪ್ಪದೆ, ಪ್ರಭುವಿನ ಪಾತ್ರೆಯ ವಸ್ತ್ರ ಜಾಲಿಸಿದ ನೀರನ್ನು ಗೊಣಗುತ್ತ ಹೊತ್ತು ತಂದು ನಾನು ನನ್ನ ಮಗುವಿಗೇ ಹಾಕಿದ್ದೆ.

"ಮೊದಲ ಹಣ್ಣು..." ಎಂದೆ.

"ತಾಯಿಗೇ ಸೇರಬೇಕು ಅಂತಿದ್ದ."

ಆಮೇಲೆ ಇಬ್ಬರೂ ಎಷ್ಟು ಅತ್ತೆವೆಂದರೆ ಗೋಪುರ ಹತ್ತಿದ್ದ ಗಂಟೆಯವನು, ಎರಡು ದೆವ್ವಗಳು ಎಂದು ಕೂಗಿಕೊಂಡು ಇಳಿದು ಓಡಿಹೋದ. ಅವತ್ತು ಮುಂಜಾನೆಯ ಗಂಟೆಯೇ ಆಗಲಿಲ್ಲ.

"ಏನು ಹೆಸರಿಟ್ರಿ?" ಎಂದು ಕೇಳಿದೆ.

ಅವರು ಹೇಳಿದರು. ಹೆಣ್ಣಿನ ಹೆಸರು. ನನಗೊಬ್ಬಳು ಮಗಳಿದ್ದಳು ಎಂಬುದು ನನಗೆ ಗೊತ್ತಾದದ್ದು ಹಾಗೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿದವರು ಇಷ್ಟೇ ಜನ, ಅಷ್ಟೇ ಇರಲಿ. ಮಣ್ಣಿನ ಕಡೆ ಬಾಗಿ ಒಂದು ಸಲ ಕರೆದೆ. ಸಂಜೆ ಆಟ ಮುಗಿಸಿ ಬಾ ಎಂದು ಕರೆಯುವಷ್ಟು ಮೆಲ್ಲಗೆ.

ಗುರುಗಳಿಗೆ ಎಲ್ಲ ಹೇಳಿದ್ದು ನಾನೇ. ನನ್ನ ಗಂಡ ಕೋಟು ಬಿಚ್ಚದೆ ಬಾಗಿಲಲ್ಲಿ ನಿಂತಿದ್ದರು, ತೀರ್ಪಿಗೆ ಕಾಯುವವರ ಹಾಗೆ. ಗುರುಗಳು ಕಿವಿ ಉಜ್ಜಿಕೊಂಡರು.

"ಸತ್ತವರಿಗೆ ಜ್ಞಾನಸ್ನಾನ ಇಲ್ಲ, ಅದು ಈಗಲೂ ಹಾಗೇ," ಎಂದರು. "ಆದ್ರೆ ನೀವು ಹಾಕಿದ ನೀರನ್ನ ದೇವರು ಏನು ಮಾಡ್ಕೊಂಡ ಅಂತ ಹೇಳೋಕೆ ನಾನ್ಯಾರು?" ಆಮೇಲೆ ನನ್ನ ಗಂಡನ ಹತ್ತಿರ ಹೋಗಿ ಆ ಮಣ್ಣು ಮೆತ್ತಿದ ತೋಳನ್ನು ಹಿಡಿದುಕೊಂಡರು. "ಒಳಗೆ ಬನ್ನಿ ಅಂತ ನಾನು ಒತ್ತಾಯ ಮಾಡಲ್ಲ. ನಾನೇ ಹೊರಗೆ ಬರ್ತೀನಿ."

ಅವತ್ತು ಮಧ್ಯಾಹ್ನ ನಿಲುವಂಗಿ ತೊಟ್ಟು ಅಂಜೂರದ ಬಳಿಗೆ ಬಂದು, ಸತ್ತ ಕೂಸುಗಳಿಗೆ ಹೇಳುವ ಪ್ರಾರ್ಥನೆ ಹೇಳಿದರು. ಸಮಾಧಿಗುಹೆಗೆ ನೆಟ್ಟ ಗೂಟಗಳನ್ನು ತಾವೇ ಕಿತ್ತು ಆಚೆಗೆ ಹಾಕಿದರು. ಹಿರಿಯರು ಗೊಣಗಿದರು, ಮೂರು ತೋಟಗಳ ಅಂದ ಕೆಟ್ಟಿತೆಂದರು. ಕೆಟ್ಟರೆ ಕೆಡಲಿ.

ಶನಿವಾರ ಬಂತು. ವಸ್ತ್ರಗಳನ್ನು ಜಾಲಿಸಿ ಮೊದಲ ನೀರನ್ನು ಬೋಗುಣಿಗೆ ತುಂಬಿದೆ. ನನ್ನ ಗಂಡ ಬಟ್ಟೆ ಕೋಣೆಯ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ಚರ್ಚಿನೊಳಗೆ ಇನ್ನೂ ಬಂದಿಲ್ಲ, ಮೆಟ್ಟಿಲವರೆಗೆ ಬಂದಿದ್ದಾರೆ. ನಿನ್ನ ಮಂಡಿಗೆ ಆಗಲ್ಲ ಬಿಡು ಎಂದು ಬೋಗುಣಿಯನ್ನು ತಾವೇ ಹೊತ್ತುಕೊಂಡು, ಒಂದು ಹನಿ ಚೆಲ್ಲದ ಹಾಗೆ ತೋಟದ ಕೊನೆಯವರೆಗೆ ನಡೆದರು. ಅಂಜೂರದ ಬಳಿ ನಿಂತು ನನ್ನ ಕೈಗೆ ಕೊಟ್ಟರು.

ನಾನು ಬಾಗಿಸಿದೆ. ಬೋಗುಣಿ ವಾಲಿ ನೀರು ಗೋಡೆಯ ಕಡೆಗೆ ಹರಿಯತೊಡಗಿತು. ಅವರು ಥಟ್ಟನೆ ನನ್ನ ಮೊಣಕೈ ಹಿಡಿದರು.

"ನಿಧಾನ," ಎಂದರು. "ಈ ಕಡೆಯಿಂದ ಹಾಕು. ಆ ಕಡೆ ಮುಖ ಇದೆ."